ಇಂಪಾಗಿಸಿದ ನಡುಕ

ಇಟಲಿಯ ನಮ್ಮ ಪೊಜ್ಜುವೋಲಿ ಊರಿನ ಅಡಿಯಲ್ಲೇ ಜ್ವಾಲಾಮುಖಿ; ಇಲ್ಲಿ ನೆಲವೇ ಏರುತ್ತದೆ, ಇಳಿಯುತ್ತದೆ. ಬಂದರಿನ ದೋಣಿಗಳು ನೀರಿಲ್ಲದೆ ಕೆಸರಲ್ಲಿ ಕೂತಿವೆ. ನಾವು ಹೆದರಿಕೊಂಡೇ ಉಣ್ಣುತ್ತೇವೆ, ಹೆದರಿಕೊಂಡೇ ಮಲಗುತ್ತೇವೆ.

ಬಿಸಿಲು ಇಣುಕದ ನಮ್ಮ ಓಣಿಯಲ್ಲಿ ಅಕಾರ್ಡಿಯನ್ ರಿಪೇರಿ ಮಾಡಿಕೊಂಡಿದ್ದವನು ಸಾವೇರಿಯೊ. ನಡುಕ ಅಳೆಯಲು ನೆಲದಡಿ ಹೂತ ಯಂತ್ರಗಳು ಕಳಿಸುವ ಅಂಕಿಗಳು ಕಂಪ್ಯೂಟರಿನಲ್ಲಿ ಎಲ್ಲರಿಗೂ ಸಿಗುತ್ತಿದ್ದವು; ಆದರೆ ಅವನ್ನು ಓದಿ ತಿಳಿಯುವವರು ಯಾರು? ಇವನು ಒಂದು ಪೆಟ್ಟಿಗೆ ಮಾಡಿ ಅವನ್ನು ಸದ್ದಾಗಿಸಿದ. ಎರಡು ಬಾಲ್ಕನಿಗಳ ನಡುವೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಬಣ್ಣದ ಬೆಳಕಾಗಿಸಿದ. ನೆಲ ಸುಮ್ಮನಿದ್ದರೆ ಸಣ್ಣ ಗುಂಯ್‌ಗುಡುವಿಕೆ, ನೀಲಿ. ಮಿಸುಕಿದರೆ ಕಿರುಚಾಟ, ಕೆಂಪು. ಇದೆಲ್ಲ ಅಕ್ಕ ಇಮ್ಮಾಳಿಗಾಗಿ. ಮೂರನೆಯ ಮಹಡಿಯ ಬಿರುಕುಬಿಟ್ಟ ಮನೆಯಲ್ಲಿದ್ದ ಅವಳು, ಮನೆ ಬಿಡು ಅಂದ ಯಾರ ಮಾತಿಗೂ ಜಗ್ಗಿರಲಿಲ್ಲ. "ನಿನ್ನ ಪೆಟ್ಟಿಗೆ ಕೂಗಲಿ, ಆಗ ಇಳೀತೀನಿ" ಅಂದಿದ್ದಳು.

ನಮ್ಮ ಜನ ಬಿಡಬೇಕಲ್ಲ. ಎದುರು ಮನೆಯ ತಿತಿನಾ ತರಕಾರಿ ಬುಟ್ಟಿಯನ್ನು ಹಗ್ಗದಲ್ಲಿ ಮೇಲೆಳೆದುಕೊಳ್ಳುತ್ತಲೇ ಬೈದಳು: "ಏ ಸಾವೇರಿಯೊ, ಇದೇನು ಸಂಗೀತನೋ, ಹಂದಿ ಕುಯ್ಯೋದೋ? ಮಗು ಹಾಲು ಕುಡೀತಿಲ್ಲ ಮಾರಾಯ. ಸ್ವಲ್ಪ ಇಂಪು ಮಾಡೋ."

ನೆಲಕ್ಕೆ ಬುದ್ಧಿ ಹೇಳಲಾಗದವರೆಲ್ಲ ಇವನಿಗೆ ಹೇಳಿದರು. ಮೆತ್ತನೆಯ ಮನುಷ್ಯ, ಕರಗಿದ. ಕಿರುಚಾಟ ಪಿಟೀಲಾಯಿತು, ಕೆಂಪು ತಿಳಿ ಗುಲಾಬಿಯಾಯಿತು. ಮಗು ಹಾಲು ಕುಡಿಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ಪಿಟೀಲು ನಿಲ್ಲಲೇ ಇಲ್ಲ. ಓಣಿಯವರು ಉಣ್ಣುತ್ತ ತಲೆದೂಗಿದರು. ಅಂಗಡಿಯಲ್ಲಿ ಅಂಕಿ ನೋಡಿದ ಸಾವೇರಿಯೊ ಬೀದಿಗೆ ಓಡಿಬಂದ.

"ಅಕ್ಕಾ, ಇಳಿ ಬೇಗ."

ಇಮ್ಮಾ ಬಾಲ್ಕನಿಗೆ ಬಂದಳು. "ಯಾಕೋ? ಎಷ್ಟು ಚೆನ್ನಾಗಿ ಹಾಡ್ತಿದೆ. ನೀನೇ ಬಾ, ಪಾಸ್ತಾ ಆರಿಹೋಗುತ್ತೆ."

"ಹಾಡಿಸ್ತಿರೋನು ನಾನು ಕಣೇ. ನೆಲ ಅರಚ್ಕೋತಿದೆ."

ಅವಳು ನಕ್ಕುಬಿಟ್ಟಳು. ಅವನು ಅಂಗಡಿಗೆ ನುಗ್ಗಿ, ಇಂಪನ್ನೆಲ್ಲ ಕಿತ್ತುಹಾಕಿ, ಅಂಕಿಗಳನ್ನು ಇದ್ದ ಹಾಗೇ ಬಿಟ್ಟ. ಅಂಥ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಬಟ್ಟೆ ಪೂರ್ತಿ ಕೆಂಪಾಯಿತು. ತಿತಿನಾ ಮಗುವನ್ನೆತ್ತಿಕೊಂಡು ಬರಿಗಾಲಲ್ಲಿ ಓಡಿದಳು. ಇಮ್ಮಾ ಮೆಟ್ಟಿಲಿಳಿದು ಬೀದಿ ದಾಟುವಷ್ಟರಲ್ಲಿ ನೆಲ ಕುಲುಕಿತು. ಅವಳು ನಿಂತು ಮಾತಾಡಿದ್ದ ಬಾಲ್ಕನಿ ಕಳಚಿ ಕೆಳಗೆ ಬಿತ್ತು.

ಚೌಕದಲ್ಲಿ ಎಲ್ಲರೂ ಧೂಳು ಮೆತ್ತಿಕೊಂಡು ಕೂತಿದ್ದೆವು. ಇಮ್ಮಾ ತಮ್ಮನ ಅಂಗಿ ಹಿಡಿದು ಮೆಲ್ಲಗೆ ಕೇಳಿದಳು: "ಇಷ್ಟು ದಿನ ನಾನು ಕೇಳ್ತಾ ನಿದ್ದೆ ಹೋಗ್ತಿದ್ನಲ್ಲೋ, ಅದೂ ಇದೇನಾ?"

"ಹೂಂ" ಅಂದ ಸಾವೇರಿಯೊ.

ಅವಳು ಅಂಗಿ ಬಿಡಲಿಲ್ಲ.