ಉಗುರಣ್ಣನ ಬಕೆಟ್

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವೃದ್ಧಾಶ್ರಮದ ಉದ್ದನೆಯ ಕೋಣೆಯಲ್ಲಿ ಒಬ್ಬರು ಬಗ್ಗಿ, ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದಾರೆ. ಅಂಗೈ ಯಾಕಲ್ಲ ಎಂದರೆ, "ಅಂಗೈ ಸುಳ್ಳು ಹೇಳುತ್ತೆ ಸಾರ್. ಮಗುಗೆ ಸ್ನಾನ ಮಾಡಿಸೋ ತಾಯಂದಿರೂ ಹೀಗೇ ನೋಡೋದು" ಎನ್ನುತ್ತಾರೆ. ನೀರು ಹದವಾಗಿದೆ. ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಂಡು ಮೊದಲ ಹಾಸಿಗೆಯ ಬುಡದಲ್ಲಿ ಮಂಡಿಯೂರುತ್ತಾರೆ.

ಕೋಣೆಯಲ್ಲಿ ಹದಿನೆಂಟು ಹಾಸಿಗೆ, ಮೂವತ್ತೈದು ಪಾದ. ಲೆಕ್ಕ ತಪ್ಪಿಲ್ಲ. ಮೂಲೆಯ ಅಜ್ಜನ ಒಂದು ಕಾಲನ್ನು ಸಕ್ಕರೆ ಕಾಯಿಲೆ ನುಂಗಿಹಾಕಿದೆ. ಉಳಿದದ್ದನ್ನೆಲ್ಲ ತೊಳೆದು, ಬೆರಳ ಸಂದಿಯ ತೇವ ಒರೆಸಿ, ಬೆಳೆದ ಉಗುರು ಕತ್ತರಿಸುವುದು ಇವರ ನಿತ್ಯದ ಕೆಲಸ. ಹದಿನೈದು ವರ್ಷ ಆಯಿತಂತೆ. ಸಂಬಳ ಇಲ್ಲ. ಅಜ್ಜ ಅಜ್ಜಿಯರೆಲ್ಲ ಸೇರಿ ಇಟ್ಟಿರುವ ಹೆಸರು ಉಗುರಣ್ಣ.

ಆದರೆ ಇವತ್ತು ಉಗುರಣ್ಣನ ಜೇಬಿನಲ್ಲಿ ಉಗುರು ಕತ್ತರಿ ಇಲ್ಲ. ಎರಡು ವಾರದ ಹಿಂದೆ ಕೈ ನಡುಗಿ, ಕಿಟಕಿ ಪಕ್ಕದ ಟೀಚರಮ್ಮನ ಹೆಬ್ಬೆರಳಿಗೆ ಅದು ತಗುಲಿತು. ಟೀಚರಮ್ಮ ಎಂದರೆ ನಿವೃತ್ತ ಶಾಲಾ ಶಿಕ್ಷಕಿ, ಮೈತುಂಬ ಸಕ್ಕರೆ ಕಾಯಿಲೆ. ಅಂಥವರಿಗೆ ಸಣ್ಣ ಗಾಯವೂ ಸಣ್ಣದಲ್ಲ. ಬೆರಳು ಕಪ್ಪಾದರೆ ತೆಗೆಯಲೇಬೇಕು. ಹಿರಿಯ ನರ್ಸ್ ಅವತ್ತೇ ಕತ್ತರಿ ಕಸಿದುಕೊಂಡು ಬೀರುವಿನಲ್ಲಿಟ್ಟರು. ವಾರದ ಹಿಂದೆ ಪಟ್ಟಿ ಬದಲಿಸಿದಾಗ ಗಾಯ ಹಸಿಯಾಗಿಯೇ ಇತ್ತು. ಇವತ್ತು ಮತ್ತೆ ಬಿಚ್ಚುತ್ತಾರೆ.

"ಗಂಟಲಲ್ಲಿ ತುತ್ತು ಇಳೀತಿಲ್ಲ ಇವರಿಗೆ" ಎಂದು ಉಗುರಣ್ಣನ ಹೆಂಡತಿ, ಅವರ ಬಗ್ಗೆ ಬರೆಯಲು ಬಂದ ನನಗೆ ಮುಂಚೆಯೇ ಹೇಳಿದ್ದರು. ಆಕೆಯ ಮಾತು ನೇರ. "ಮೂರು ಚಪ್ಪಲಿ ಅಂಗಡಿ ಇತ್ತು ಸ್ವಾಮಿ. ಊರಿಗೆಲ್ಲ ಹೊಸ ಶೂ, ಯಜಮಾನನ ಹೆಂಡ್ತಿಗೆ ಹರಿದ ಚಪ್ಪಲಿ! ಮನೆಗೆ ಬಂದ್ರೂ ಮನುಷ್ಯ ಮನೇಲಿರ್ತಿರಲಿಲ್ಲ. ಅಂಗಡಿ ಮಾರ್ತೀನಿ ಅಂದಾಗ ನೆಂಟರೆಲ್ಲ ತಲೆ ಕೆಟ್ಟಿದೆ ಅಂದ್ರು. ನಾನು ಮಾತ್ರ, ಈಗ್ಲಾದ್ರೂ ನೆಟ್ಟಗಾಯ್ತಲ್ಲ ಅಂದ್ಕೊಂಡೆ."

ಮೂರನೆಯ ಅಂಗಡಿ ತೆರೆದ ದಿನ ಕಾಲಿಡಲು ಜಾಗ ಇರಲಿಲ್ಲ. ಆ ಗದ್ದಲದ ನಡುವೆ ಒಬ್ಬ ಮುದುಕರು ಬಂದರು. ಉಗುರು ಬೆಳೆದು ಬಾಗಿ ಯಾವ ಶೂ ಹಾಕಿದರೂ ಚುಚ್ಚುತ್ತಿತ್ತು. ಗಿರಾಕಿ ಕೈತಪ್ಪಬಾರದೆಂದು ಇವರೇ ಕೂತು ಆ ಉಗುರು ಕತ್ತರಿಸಿದರು. "ಮುದುಕರು ನನ್ನ ತಲೆ ಮೇಲೆ ಕೈಯಿಟ್ಟು, ಯೇಸುಸ್ವಾಮಿ ಕಳಿಸಿದ ಮಗ ನೀನು ಅಂದ್ರು. ನಾನು ಬಗ್ಗಿದ್ದು ಒಂದು ಜೊತೆ ಶೂ ಮಾರೋಕೆ ಸಾರ್! ಭಾನುವಾರ ಚರ್ಚಿಗೆ ಹೋಗ್ತಿದ್ದೆ, ಹಾಜರಿ ಹಾಕೋಕೆ. ಅವತ್ತು ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಜೊತೆಗೆ ಒಂಥರಾ ಸಂತೋಷ. ಮೂರೂ ಅಂಗಡಿ ಸೇರಿದ್ರೂ ಅಂಥದ್ದು ಕೊಟ್ಟಿರಲಿಲ್ಲ."

ಇಂಥ ಕತೆ ಕೇಳಿದಾಗ ನನಗೆ ಮೊದಲು ಹುಟ್ಟುವುದು ಅನುಮಾನವೇ. ಹದಿನೈದು ವರ್ಷ ಹೊಗಳಿಸಿಕೊಳ್ಳುವುದೂ ಒಂದು ರುಚಿಯಲ್ಲವೇ ಎಂದು ಕೇಳಿಯೇಬಿಡುತ್ತೇನೆ. ಅವರು ಟವಲು ಹಿಂಡುವುದನ್ನು ನಿಲ್ಲಿಸುತ್ತಾರೆ.

"ಸರಿಯಾಗಿ ಕೇಳಿದ್ರಿ. ಕತ್ತರಿ ಕಿತ್ಕೊಂಡ ದಿನ ಪ್ರಾರ್ಥನೆಗೆ ಕೂತ್ರೆ, ಟೀಚರಮ್ಮನ ಬೆರಳಿಗಿಂತ ಮುಂಚೆ ನನ್ನ ಕತ್ತರಿ ನೆನಪಾಯ್ತು. ಇನ್ಮೇಲೆ ಯಾರು ನನ್ನ ಉಗುರಣ್ಣ ಅಂತಾರೆ ಅಂತ ಅತ್ತೆ. ಥೂ ಅನ್ನಿಸ್ತು. ಅಂಗಡಿ ಬಿಟ್ಟೆ ಅಂತ ಮೆರೀತಿದ್ದವನು ಇದನ್ನೇ ನಾಲ್ಕನೇ ಅಂಗಡಿ ಮಾಡ್ಕೊಂಡಿದ್ದೆ." ಟವಲನ್ನು ಮತ್ತೆ ಹಿಂಡುತ್ತ ಹೇಳುತ್ತಾರೆ: "ಆಮೇಲಿಂದ ಒಂದೇ ಬೇಡ್ಕೊಳ್ತಿದೀನಿ. ನನ್ನ ಹೆಸರು ಹೋಗ್ಲಿ ದೇವ್ರೇ, ಆ ಬೆರಳು ಉಳೀಲಿ."

ಹಿರಿಯ ನರ್ಸ್ ಬಂದು ಟೀಚರಮ್ಮನ ಕಾಲಬಳಿ ಕೂರುತ್ತಾರೆ. ಉಗುರಣ್ಣ ಹತ್ತಿರ ಹೋಗಲಾರರು, ದೂರವೂ ನಿಲ್ಲಲಾರರು. ಬಟ್ಟೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ನರ್ಸ್ ಬೆರಳನ್ನು ಬೆಳಕಿಗೆ ತಿರುಗಿಸಿ, ಮೆಲ್ಲಗೆ ಒತ್ತಿ ನೋಡುತ್ತಾರೆ.

"ಒಣಗಿದೆ. ಚರ್ಮ ಕೂಡ್ಕೊಂಡಿದೆ."

ಉಗುರಣ್ಣ ಟವಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾರೆ. "ಏನಯ್ಯಾ ಇದು, ಬೆರಳು ನಂದು, ಅಳೋದು ನೀನಾ?" ಎಂದು ಟೀಚರಮ್ಮ ಗದರುತ್ತಾರೆ. ಅವರ ಕಣ್ಣೂ ಒದ್ದೆಯಾಗಿದೆ.

ನರ್ಸ್ ಒಳಗೆ ಹೋಗಿ ಬೀರುವಿನಿಂದ ಕತ್ತರಿ ತಂದು ಚಾಚುತ್ತಾರೆ. "ತಗೊಳ್ಳಿ. ಸಕ್ಕರೆ ಕಾಯಿಲೆಯವರದ್ದು ನಾನು ನೋಡ್ಕೊಳ್ತೀನಿ, ಉಳಿದವರದ್ದು ನೀವೇ ಮಾಡಿ." ಉಗುರಣ್ಣ ಕೈ ಮುಂದೆ ಮಾಡುತ್ತಾರೆ. ಬೆರಳುಗಳು ನಡುಗುತ್ತಿವೆ. ಅದನ್ನೇ ಒಂದು ಗಳಿಗೆ ನೋಡಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಬೇಡಮ್ಮ. ನಿಮ್ಮ ಹತ್ರಾನೇ ಇರ್ಲಿ."

"ಬೇಜಾರಾಗಲ್ವಾ?"

"ಆಗುತ್ತೆ" ಎಂದು ಒಪ್ಪಿಕೊಳ್ಳುತ್ತಾರೆ. ಆಮೇಲೆ ಇವತ್ತು ಮೊದಲ ಸಲ ನಗುತ್ತಾರೆ. "ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ, ಟವಲಲ್ಲಿ ಒರೆಸಿದ. ಉಗುರು ಕತ್ತರಿಸಿದ ಅಂತ ನಾನೆಲ್ಲೂ ಕೇಳಿಲ್ಲಮ್ಮ. ಅವನಿಗೆ ಅಷ್ಟು ಸಾಕಾಗಿತ್ತಲ್ಲ, ನನಗೂ ಸಾಕು."

ನೀರು ಆರಿದೆ. ಅದನ್ನು ಚೆಲ್ಲಿ, ಬೇರೆ ಬಿಸಿನೀರು ತುಂಬಿ, ಮೊಣಕೈ ಅದ್ದಿ ನೋಡಿ, ಉಗುರಣ್ಣ ಟೀಚರಮ್ಮನ ಕಾಲ ಬುಡದಲ್ಲಿ ಮಂಡಿಯೂರುತ್ತಾರೆ. ಎರಡು ವಾರದಿಂದ ಆಕೆಯ ಒಂದೇ ಪಾದ ತೊಳೆಯುತ್ತಿದ್ದರು. ಇವತ್ತು ಎರಡನ್ನೂ ತೊಳೆಯುತ್ತಾರೆ.