ಹೌದು ಎಂದವರ ಹೆಸರು

ನಮ್ಮ ಕಾನ್ವೆಂಟಿನಲ್ಲಿ ಸಿವಿಕ್ಸ್ ಕಲಿಸುತ್ತಿದ್ದ ಸಿಸ್ಟರ್ ಪಿಕ್ನಿಕ್ಕಿನಂಥ ವಿಷಯಕ್ಕೂ ನಮ್ಮಿಂದ ಓಟು ಹಾಕಿಸುತ್ತಿದ್ದರು. "ಏಯ್ಸ್ ಟು ದ ರೈಟ್, ನೋಸ್ ಟು ದ ಲೆಫ್ಟ್" ಎಂದು ಅವರು ಚಪ್ಪಾಳೆ ತಟ್ಟಿದರೆ ನಾವು ಸ್ಕರ್ಟಿನ ಪ್ಲೀಟ್ಸ್ ಹಾರಿಸುತ್ತ, ಹೌದೆನ್ನುವವರು ಕಿಟಕಿಯ ಕಡೆಗೆ, ಇಲ್ಲವೆನ್ನುವವರು ಬಾಗಿಲ ಕಡೆಗೆ ಓಡಬೇಕು. ಯಾರು ಎಲ್ಲಿ ನಿಂತರೆಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆ ಹುಡುಗಿಯರೆಲ್ಲ ಈಗ ಎಲ್ಲೆಲ್ಲಿದ್ದಾರೋ, ಗಾಡ್ ಬ್ಲೆಸ್ ದೆಮ್. ಆದರೆ ಓಟೆಂದರೆ ಪಕ್ಕದಲ್ಲಿ ಹೆಸರಿರಬೇಕು ಎಂಬ ನಂಬಿಕೆ ಮಾತ್ರ ನನ್ನಲ್ಲಿ ಉಳಿದುಬಿಟ್ಟಿತು. ದಾಂಡೇಲಿಯ ಮಕ್ಕಳಿಗೂ ಅದನ್ನೇ ಕಲಿಸಿ ರಿಟೈರ್ ಆದೆ.

ಹಾಗಾಗಿ ಹಿಂದಿನ ಓಣಿಯ ಟೇಲರಮ್ಮ ಬಂದು ಕೂತಾಗ ನಾನು ಫುಲ್ ಕಾನ್ಫಿಡೆಂಟ್. ಅವಳ ಗಂಡನಿಗೆ ಕಾಗದದ ಮಿಲ್ಲಿನಲ್ಲಿ ಗುತ್ತಿಗೆ ಕೆಲಸ. ಅವರ ಮನೆ ಇರುವುದು ಸರ್ಕಾರಿ ಜಾಗದಲ್ಲಿ, ಮಾವನ ಕಾಲದಲ್ಲಿ ಕಟ್ಟಿದ್ದು. ಅಂಥ ಮನೆಗಳಿಗೆ ಹಕ್ಕುಪತ್ರ ಕೊಡುವ ಬಿಲ್ಲೊಂದು ವಿಧಾನಸಭೆಯಲ್ಲಿ ಪಾಸಾಗಿ ಅರ್ಜಿ ಕರೆದಿದ್ದರು. ಅರ್ಜಿಗಳನ್ನು ನೋಡುವ ಸಮಿತಿಗೆ ನಮ್ಮ ಶಾಸಕರೇ ಅಧ್ಯಕ್ಷರು. ಯಾವ ಪಕ್ಷದವರು, ಯಾವ ಅವಧಿಯವರು ಎಂದು ನಾನು ಹೇಳುವುದಿಲ್ಲ.

"ಅಕ್ಕೋರ, ಅರ್ಜಿ ಕೊಟ್ರ ಸರ್ಕಾರಿ ಜಾಗಾದಾಗ ಕುಂತೇವಿ ಅಂತ ನಾವ ಬರಕೊಟ್ಟಂಗ ಆತು. ಸಾಹೇಬ್ರು ನಮ್ಮ ಕಡೆ ಇದ್ರ ಹಕ್ಕುಪತ್ರ ಬರ್ತೈತಿ. ಇಲ್ಲಂದ್ರ ಮನಿ ಖಾಲಿ ಮಾಡ್ರಿ ಅಂತ ನೋಟೀಸ್ ಬರ್ತೈತಿ. ಬಿಲ್ಲಿಗೆ ಅವರು ಹೌದು ಅಂದ್ರೋ ಇಲ್ಲೋ, ಅಷ್ಟ ನೋಡಿ ಹೇಳ್ರಿ."

"ಅದೇನ್ ದೊಡ್ಡ ಕೆಲಸ? ವೋಟಿಂಗ್ ರೆಕಾರ್ಡ್ ಇರ್ತೈತಿ. ನೀ ಚಹಾ ಕುಡಿಯೂದ್ರಾಗ ಹೇಳ್ತೇನಿ."

ಚಹಾ ಮುಗಿಯಿತು. ಇನ್ನೊಂದು ಚಹಾ ಮುಗಿದು ಊಟದ ಹೊತ್ತಾಯಿತು. ವೆಬ್‌ಸೈಟಿನಲ್ಲಿ ಬಿಲ್ಲಿನ ಹೆಸರಿತ್ತು, ಅದನ್ನು ಮಂಡಿಸಿದವರ ಹೆಸರಿತ್ತು, ಅಂಗೀಕಾರವಾಯಿತೆಂದೂ ಇತ್ತು. ಯಾರು ಹೌದೆಂದರು, ಯಾರು ಇಲ್ಲವೆಂದರು ಎನ್ನುವುದು ಮಾತ್ರ ಎಲ್ಲಿಯೂ ಇಲ್ಲ. ಕೊನೆಗೆ ಬೆಳಗಾವಿ ಅಧಿವೇಶನದ ವಿಡಿಯೋ ಸಿಕ್ಕಿತು. ಟ್ಯಾಬ್ಲೆಟ್ಟನ್ನು ಉಪ್ಪಿನಕಾಯಿ ಭರಣಿಗೆ ಆನಿಸಿಟ್ಟು ಇಬ್ಬರೂ ನೋಡಿದೆವು. ಒಪ್ಪುವವರು ಹೌದೆನ್ನಿ ಎಂದರು ಸಭಾಧ್ಯಕ್ಷರು. ಒಂದು ಗುಂಪು ದನಿ ಎದ್ದಿತು. ಒಪ್ಪದವರು ಇಲ್ಲವೆನ್ನಿ ಎಂದರು. ಯಾರೋ ಕೆಮ್ಮಿದರು. ಪಾಸ್! ಧ್ವನಿಮತವೆಂದರೆ ಇದು. ಹೆಸರು ಹಿಡಿದು ಎಣಿಸಲೇಬೇಕೆಂದು ಯಾರಾದರೂ ಹಟ ಹಿಡಿಯದಿದ್ದರೆ ಹೆಸರುಗಳ ಗೊಡವೆಯೇ ಇಲ್ಲ. ಮೈ ಪೂರ್ ಸಿಸ್ಟರ್!

"ಇಷ್ಟ ಏನ್ರೀ?" ಎಂದಳು ಟೇಲರಮ್ಮ. "ನಮ್ಮ ಸಂಘದಾಗ ಹಪ್ಪಳದ ಆರ್ಡರ್ ಹಿಡೀಬೇಕಂದ್ರೂ ಒಬ್ಬೊಬ್ಬಾಕಿನ್ನ ಎಬ್ಬಿಸಿ ಕೇಳ್ತಾರ."

ಹೋಗಲಿ, ಬಾಯಿ ಅಲ್ಲಾಡಿದ್ದಾದರೂ ಕಂಡೀತೆಂದು ವಿಡಿಯೋ ಹಿಂದೆ ಮುಂದೆ ಓಡಿಸಿದೆವು.

"ಅದಾ ನೋಡ್ರಿ, ಬಿಳೇ ಅಂಗಿ!"

"ಎಲ್ಲಾರದೂ ಬಿಳೇ ಅಂಗಿನ ಐತೆಲ್ಲವಾ."

ಅಷ್ಟರಲ್ಲಿ ಅವಳು ಪರದೆಯ ಮೂಲೆಯಲ್ಲಿದ್ದ ತಾರೀಖು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ! ಅವತ್ತ ಮುಂಡಗೋಡ ಕಡೆ ಇಂದೂರಾಗ ನಮ್ಮ ತಂಗಿ ಮಗಳ ಮದುವಿ. ಸಾಹೇಬ್ರು ಅಲ್ಲೇ ಇದ್ರು!"

ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಳು. ವಧುವರರ ನಡುವೆ ತಲೆಗೆ ಪೇಟ, ಕೊರಳಿಗೆ ಹಾರ, ನಮ್ಮ ಶಾಸಕರು. ಮುಂಡಗೋಡ ಅವರ ಕ್ಷೇತ್ರವೂ ಅಲ್ಲ. ಬರದಿದ್ದರೆ ಮುಂದೆ ಮುಖ ನೋಡುವುದಿಲ್ಲವೆಂದು ಹೆದರಿಸಿ, ಇವಳ ಗಂಡನೇ ಹೋಗಿ ಒಪ್ಪಿಸಿ ಬಂದಿದ್ದನಂತೆ. ನಮ್ಮ ಕಡೆ ಹಾಗೆಯೇ. ಶಾಸಕರು ಬಂದು ಅಕ್ಷತೆ ಹಾಕಿ ಫೋಟೋಕ್ಕೆ ನಿಲ್ಲದಿದ್ದರೆ ಮದುವೆಯ ಕಳೆಯೇ ಇಳಿದಂತೆ. ಬಿಲ್ಲಿನ ದಿನ ಎಲ್ಲಿದ್ದಿರೆಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಮದುವೆ ತಪ್ಪಿಸಿದರೆ ಮಾತ್ರ ಮುಂದಿನ ಇಲೆಕ್ಷನ್ನಿನ ತನಕ ನೆನಪಿಡುತ್ತಾರೆ.

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

"ನಗಬ್ಯಾಡ್ರಿ ಅಕ್ಕೋರ. ಅರ್ಜಿ ಕೊಡಾಕ ನಾಳೆ ಒಂದ ದಿನಾ ಉಳದೈತಿ. ಅವರು ನಮ್ಮ ಕಡೆ ಅದಾರೋ ಇಲ್ಲೋ, ಈಗ ಹೆಂಗ ತಿಳಕೊಳ್ಳೂದು?"

ನನ್ನ ನಗು ನಿಂತಿತು. "ನಡಿ, ಅವರನ್ನ ಕೇಳೂಣು" ಎಂದೆ.

ಮರುದಿನ ಬೆಳಿಗ್ಗೆ ಹಳಿಯಾಳದ ಬಸ್ಸು ಹಿಡಿದೆವು. ಶಾಸಕರ ಕಚೇರಿಯಲ್ಲಿ ಕುಂಬಾರವಾಡದವರು ತಮ್ಮೂರಿಗೆ ಇನ್ನೊಂದು ಬಸ್ಸು ಬೇಕೆಂದು ಅರ್ಧ ಕೊಂಕಣಿಯಲ್ಲಿ, ಅರ್ಧ ಕನ್ನಡದಲ್ಲಿ ಕೂಗಾಡುತ್ತಿದ್ದರು. ಉಳಿದವರ ಕೈಯಲ್ಲೆಲ್ಲ ಲಗ್ನಪತ್ರಿಕೆ. ಸರದಿ ಬಂದಾಗ ಟೇಲರಮ್ಮ ನಮಸ್ಕಾರ ಮಾಡಿ ನೇರವಾಗಿ ಕೇಳಿಯೇಬಿಟ್ಟಳು. "ಸಾಹೇಬ್ರ, ಮನಿ ಹಕ್ಕುಪತ್ರದ ಬಿಲ್ಲಿಗೆ ನೀವು ಹೌದು ಅಂತೀರೋ ಇಲ್ಲೋ?"

ಶಾಸಕರು ಅವಳ ಮುಖ ನೋಡಿ ಗುರುತು ಹಿಡಿದರು. "ಅವತ್ತ ನಾ ಸದನದಾಗ ಎಲ್ಲಿದ್ದೆ ಯವ್ವಾ? ನಿಮ್ಮ ಮದುವ್ಯಾಗಿದ್ದೆ! ಹುಗ್ಗಿ ಉಣಸೂತನಕ ಬಿಟ್ರೇನು ನೀವು?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳು ಮಾತ್ರ ಜಗ್ಗಲಿಲ್ಲ. "ಅದಕ್ಕ ಕೇಳಾಕ್ಹತ್ತೇನ್ರಿ. ಇದ್ದಿದ್ರ ಏನಂತಿದ್ರಿ?"

"ಪಕ್ಷ ಏನಂತೈತೋ ಅದನ್ನ ಅಂತೇವಿ."

"ಪಕ್ಷದ್ದು ಬ್ಯಾಡ್ರಿ, ನಿಮ್ಮದು ಹೇಳ್ರಿ. ಇಲ್ಲೇ, ಇವರೆಲ್ಲಾರ ಮುಂದ."

ನಗು ನಿಂತಿತು. ಬಸ್ಸು ಕೇಳಲು ಬಂದಿದ್ದವರೂ ಇತ್ತ ತಿರುಗಿದರು. ಶಾಸಕರು ಅವಳ ಕೈಯಲ್ಲಿ ಮಡಚಿದ್ದ ಅರ್ಜಿಯನ್ನು ನೋಡಿದರು, ಬಾಗಿಲಿನ ತನಕ ನಿಂತಿದ್ದ ಜನರನ್ನೂ ನೋಡಿದರು. "ಹೌದು" ಎಂದರು, ಗಂಟಲಿನಲ್ಲೇ.

"ಲೌಡರ್ ಪ್ಲೀಸ್, ಹಿಂದಿನವರಿಗೆ ಕೇಳಿಸಲಿಲ್ಲ!" ಹಳೆಯ ಟೀಚರ್ ಬಾಯಿ, ನನ್ನನ್ನು ಕೇಳದೆಯೇ ಆಡಿಬಿಟ್ಟಿತು.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ನಗುತ್ತ ಎದ್ದು ನಿಂತು, "ಹೌದ್ರಿ ಅಕ್ಕೋರ, ಹೌದು!" ಎಂದು ಕೂಗಿದರು. ಕುಂಬಾರವಾಡದವರು ಜೋರಾಗಿ ಚಪ್ಪಾಳೆ ತಟ್ಟಿದರು.

ದಾಂಡೇಲಿಗೆ ಬಂದವಳೇ ಅವಳು ತಹಶೀಲ್ದಾರರ ಕಚೇರಿಯ ಕಟ್ಟೆಯ ಮೇಲೆ ಕೂತು ಅರ್ಜಿ ಬಿಚ್ಚಿದಳು. ಎಲ್ಲ ತುಂಬಿದ್ದರೂ ವಿಳಾಸದ ಜಾಗ ಖಾಲಿಯಿತ್ತು. ನನ್ನ ಪೆನ್ನು ಇಸಿದುಕೊಂಡು ಮುಚ್ಚಳ ತೆಗೆದಳು.

"ನಾಳೆ ಅವರು ತಮ್ಮ ಮಾತು ಮರತ್ರ?" ಎಂದೆ. ಕೇಳಬಾರದಿತ್ತೇನೋ, ಆದರೆ ನನಗೂ ಒಳಗೊಳಗೆ ಭಯ.

ಅವಳು ಓಣಿಯ ಹೆಸರು, ಮನೆಯ ನಂಬರು ಎರಡನ್ನೂ ದಪ್ಪ ಅಕ್ಷರಗಳಲ್ಲಿ ಬರೆದಳು. "ಹಕ್ಕುಪತ್ರ ಬಂದ್ರೂ ಇಲ್ಲಿಗೇ ಬರ್ತೈತಿ, ನೋಟೀಸ್ ಬಂದ್ರೂ ಇಲ್ಲಿಗೇ ಬರ್ತೈತಿ. ಬರ್ಲೇಳ್ರಿ ಅಕ್ಕೋರ, ನಾನೇನ್ ಓಡಿ ಹೋಗ್ತೇನೇನು?" ಎಂದು ಸೆರಗು ಸಿಕ್ಕಿಸಿಕೊಂಡು ಅರ್ಜಿ ಕೊಡಲು ಒಳಗೆ ಹೋದಳು.