ದಾನಯ್ಯನವರ ಮಂಜಿನ ಕೊಂಬು

ಸಮುದ್ರಕ್ಕಾದರೆ ದೀಪಸ್ತಂಭ ಸರಿ, ಗಂಗೆಗೆಂಥದ್ದು ಎಂದು ನಾನೂ ನಕ್ಕವಳೇ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವಳು ನಾನು. ಭಾನುವಾರ ಕನ್ನಡ ಮಾತಿಗೂ ಜೋಳದ ರೊಟ್ಟಿಗೂ ಆಸೆಪಟ್ಟು ಘಾಟಿನ ಮೇಲಿನ ನಮ್ಮ ಪುಟ್ಟ ಮಠಕ್ಕೆ ಹೋಗುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದವರು ಸಂಗಮ್ಮ. ಕೊಂಬು ಊದುತ್ತಿದ್ದವರು ಅವರ ಗಂಡ ದಾನಯ್ಯ.

ಮಠದ ಮೆಟ್ಟಿಲ ಮೇಲೆ ಕಲ್ಲಿನ ದೀಪದ ಕಂಬವಿದೆ. ಹಿಂದೆ ಯಾವುದೋ ಚಳಿಗಾಲದಲ್ಲಿ ಯಾತ್ರಿಕರ ದೋಣಿ ಮುಳುಗಿದ ಮೇಲೆ ಆಗಿನ ಸ್ವಾಮಿಗಳು ಅದನ್ನು ನಿಲ್ಲಿಸಿದರಂತೆ. ಇಲ್ಲಿನ ಪುಷ್ಯದ ಮಂಜಿಗೆ ದೀಪ ಯಾವ ಲೆಕ್ಕ? ಮರುವರ್ಷವೇ ಹಿತ್ತಾಳೆಯ ಕೊಂಬು ಬಂತು, ಊದಲು ರಾಯಚೂರಿನಿಂದ ದಾನಯ್ಯನವರ ಅಜ್ಜ ಬಂದರು. ಮಂಜಿದ್ದ ದಿನ ಕಂಬದ ಬುಡದ ಕಲ್ಲಿನ ಮೇಲೆ ನಿಂತು ಊದಬೇಕು; ಆ ದನಿಯ ದಿಕ್ಕು ಹಿಡಿದೇ ದೋಣಿಗಳು ದಡಕ್ಕೆ ಬರುತ್ತವೆ. ಕೊನೆಯ ದೋಣಿ ದಡ ಮುಟ್ಟುವ ತನಕ ಕಲ್ಲು ಬಿಟ್ಟು ಇಳಿಯಬಾರದು. ಮೂವತ್ತೊಂದು ವರ್ಷ, ಜ್ವರ ಬಂದರೂ, ದಾನಯ್ಯ ತಪ್ಪಲಿಲ್ಲ.

ಅದೇ ಕೊಂಬಿಗೆ ಇನ್ನೊಂದು ಕೆಲಸವೂ ಇತ್ತು. ಸ್ವಾಮಿಗಳು ಲಿಂಗೈಕ್ಯರಾದರೆ, ಅವರನ್ನು ಕೂರಿಸಿ ಸಮಾಧಿಗೆ ಹೊತ್ತೊಯ್ಯುವ ವಿಮಾನದ ಮುಂದೆ ಅದು ಮೊಳಗುತ್ತ ಸಾಗಬೇಕು.

ಹೋದ ಜನವರಿಯಲ್ಲಿ ಹಿರಿಯ ಸ್ವಾಮಿಗಳು ಲಿಂಗೈಕ್ಯರಾದರು. ಮರುದಿನ ನಸುಕಿನಲ್ಲಿ ಸಂಗಮ್ಮ ಅಭಿಷೇಕದ ಹಾಲು ತರಲು ಛೋಟೇಲಾಲನ ದೋಣಿಯಲ್ಲಿ ಆಚೆ ದಡಕ್ಕೆ ಹೋದರು. ಅವರು ಹೋದ ಮೇಲೆ ಮಂಜು ಕವಿಯಿತು. ಮೆರವಣಿಗೆ ಹೊರಟು ನಿಂತಿತ್ತು.

"ಆಕಿ ಆಚಿ ದಂಡ್ಯಾಗ ಅದಾಳ್ರೀ. ಕೊಂಬು ಕೇಳಿದ್ರ ದೋಣಿ ಬಿಡ್ತಾರ," ಎಂದರು ದಾನಯ್ಯ.

"ಛೋಟೇಲಾಲಗ ನಾ ಫೋನ್ ಮಾಡಿ ತಡೀ ಅಂತೀನಿ. ಹೊತ್ತು ಮೀರ್ತದ, ನೀವ್ ನಡೀರಿ ಅಯ್ನೋರ," ಎಂದ ಮ್ಯಾನೇಜರ್ ನಾಗಲಿಂಗ.

ಮಾಡಲಿಲ್ಲ. ಗಡಿಬಿಡಿಯಲ್ಲಿ ಮರೆತನಂತೆ! ಬಂದ ಗಣ್ಯರಿಗೆ ಶಾಲು ಹೊದಿಸುವುದನ್ನು ಮಾತ್ರ ಮರೆಯಲಿಲ್ಲ ಮಹಾನುಭಾವ.

ದಾನಯ್ಯ ಕಲ್ಲಿನಿಂದ ಇಳಿದರು. ಮೆಟ್ಟಿಲುಗಳಗುಂಟ ಉತ್ತರಕ್ಕೆ, ಸಮಾಧಿಯ ತೋಟದ ಕಡೆಗೆ ಊದುತ್ತ ನಡೆದರು. ಮಣಿಕರ್ಣಿಕಾ ದಾಟುವಾಗ ನೀರಿನ ಮೇಲೆ ಮರಕ್ಕೆ ಮರ ಬಡಿದ ಸದ್ದು, ಹಿಂದೆಯೇ ಕೂಗು. ಹೆಣ ಸುಡುವ ಸೌದೆ ಹೇರಿಕೊಂಡು ನಿಂತಿದ್ದ ದೊಡ್ಡ ದೋಣಿಗೆ ಛೋಟೇಲಾಲನ ದೋಣಿ ಗುದ್ದಿ ಮಗುಚಿತ್ತು. ಅವನು ಈಜಿ ದಡ ಸೇರಿದ. ಸಂಗಮ್ಮ ಸಿಕ್ಕಿದ್ದು ಮೂರನೆಯ ದಿನ.

ಈಗ ಆ ಕಲ್ಲಿನ ಮೇಲೆ ಯಾರೂ ನಿಲ್ಲುವುದಿಲ್ಲ. ನಾಗಲಿಂಗನನ್ನು ನಾನು ಎಷ್ಟು ಬೈದರೂ ದಾನಯ್ಯ, ಛೋಟೇಲಾಲ ಹೇಳಿದ್ದನ್ನಷ್ಟೇ ಮತ್ತೆ ಮತ್ತೆ ಹೇಳುತ್ತಾರೆ. ನಡು ಹೊಳೆಯಲ್ಲಿ ಅವನು, ಕೊಂಬಿನ ಆವಾಜು ಸರಿಯುತ್ತಿದೆ ಮಾಯಿ, ಹಿಂದಿರುಗೋಣ ಎಂದನಂತೆ. ಸಂಗಮ್ಮ ಒಪ್ಪಲಿಲ್ಲವಂತೆ.

"'ನಮ್ಮವ್ರು ಕಲ್ಲು ಬಿಟ್ಟು ಕದಲೂ ಮನಷ್ಯಾ ಅಲ್ಲ, ನೀ ಹುಟ್ಟು ಹಾಕು' ಅಂದ್ಲಂತ್ರೀ."